ಬೆಣ್ಣೆ ಕೋಣೆಯ ಜ್ವರ

ತಂಪಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಗುರುತಿನ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಕೆಲಸಕ್ಕೆ ಬಂದಿದ್ದಿಲ್ಲ. ಡೈರಿಯ ಬೆಣ್ಣೆ ಕೋಣೆಯನ್ನು ಇಪ್ಪತ್ತಾರು ವರ್ಷ ಒಬ್ಬನೇ ನೋಡಿಕೊಂಡವನನ್ನು ಜನ ಇನ್ನೇನೆಂದು ಕರೆದಾರು? ಕೋಣೆ ತಂಪು, ಸ್ವಭಾವ ತಂಪು, ಕೈ ಕುಲುಕಿದರೆ ಕೈಯೂ ತಂಪು. ಗೇಟಿನವನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರ ಬಾಯಲ್ಲೂ ತಂಪಣ್ಣನೇ.

ಬೆಣ್ಣೆ ಕೋಣೆ ಅಂದರೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ತಗಡಿನ ಗೋಡೆ, ಗೇಣು ದಪ್ಪದ ಬಾಗಿಲು. ಎರಡೂ ಬದಿಗೆ ಕಪಾಟು, ಕಪಾಟಿನ ತುಂಬ ಬೆಣ್ಣೆಯ ಪೆಟ್ಟಿಗೆ, ಮೂಲೆಯಲ್ಲಿ ಸದಾ ಗುರುಗುಟ್ಟುವ ಒಂದು ದೊಡ್ಡ ಫ್ಯಾನು. ಒಳಗೆ ಯಾವಾಗಲೂ ನಾಲ್ಕು ಡಿಗ್ರಿ. ಹೊರಗಿನ ಗೋಡೆಗೆ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಊಟದ ತಟ್ಟೆಯಷ್ಟು ದೊಡ್ಡ ದುಂಡು ಕಾಗದ. ಒಂದು ಪೆನ್ನು ಆ ಕಾಗದದ ಮೇಲೆ ವಾರಕ್ಕೊಂದು ಸುತ್ತು ಗೆರೆ ಎಳೆಯುತ್ತದೆ. ಒಳಗೆ ಬಿಸಿ ಏರಿದರೆ ಗೆರೆ ಹೊರಕ್ಕೆ ಉಬ್ಬುತ್ತದೆ, ಇಳಿದರೆ ಒಳಕ್ಕೆ ಸರಿಯುತ್ತದೆ. ತಂಪಣ್ಣನ ಕಾಗದದಲ್ಲಿ ಗೆರೆ ಬಳೆಯ ಹಾಗೆ ದುಂಡಗೆ ಕೂತಿರುತ್ತಿತ್ತು. ಪಕ್ಕದಲ್ಲೇ ದಾರ ಕಟ್ಟಿ ನೇತುಹಾಕಿದ ರಿಜಿಸ್ಟರು. ಅದರ ಕೊನೆಯ ಅಂಕಣದ ತಲೆಬರಹ ‘ಏರಿಳಿತದ ಕಾರಣ’. ಇಪ್ಪತ್ತಾರು ವರ್ಷ ಆ ಅಂಕಣದಲ್ಲಿ ತಂಪಣ್ಣ ಬರೆದದ್ದು ಒಂದೇ ಪದ: ‘ಇಲ್ಲ’. ಕೆಲವರಿಗೆ ಮಕ್ಕಳ ಮೇಲೆ ಜಂಭ, ಕೆಲವರಿಗೆ ಮನೆಯ ಮೇಲೆ ಜಂಭ. ಈತನಿಗೆ ಆ ‘ಇಲ್ಲ’ದ ಮೇಲೆ.

ಇಂಥ ತಂಪು ಮನುಷ್ಯನಿಗೆ ಸಿಕ್ಕ ಹೆಂಡತಿಯನ್ನು ನೋಡಿ. ಹೈಸ್ಕೂಲಿನ ಪಿ.ಟಿ. ಟೀಚರ್. ಕತ್ತಿನಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಶೂ, ಅವರು ನಡೆದರೆ ಪಕ್ಕದಲ್ಲಿದ್ದವರು ಓಡಬೇಕು. ಬಡಾವಣೆಯ ಅರ್ಧಕ್ಕರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಅವರ ಸೀಟಿಗೆ ಸಾಲಾಗಿ ನಿಂತವರೇ. ಬಸ್ಸಿನ ಕಂಡಕ್ಟರು, ಮೆಡಿಕಲ್ ಶಾಪಿನವನು, ಡೈರಿಯ ಮೆಕ್ಯಾನಿಕ್ಕು, ಯಾರನ್ನು ಬೇಕಾದರೂ ಕೇಳಿ. ಈಗಲೂ ರಸ್ತೆಯಲ್ಲಿ ಅವರು ಎದುರಾದರೆ, ಮೀಸೆ ಹಣ್ಣಾಗುತ್ತಿರುವ ಗಂಡಸರು ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟು ಎದೆ ಸೆಟೆಸಿ ನಿಲ್ಲುತ್ತಿದ್ದರು. ಎಲ್ಲರಿಗೂ ಅವರು ಸೀಟಿ ಟೀಚರ್.

ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ಕೊನೆಯ ಸ್ಪರ್ಧೆ ಟೀಚರುಗಳದು. ಗಂಡ ಹೆಂಡತಿ ಜೋಡಿಯಾಗಿ ಮೂರು ಕಾಲಿನ ಓಟ. ಒಬ್ಬರ ಎಡಗಾಲನ್ನು ಇನ್ನೊಬ್ಬರ ಬಲಗಾಲಿಗೆ ಕಟ್ಟಿಕೊಂಡು ಓಡಬೇಕು, ಬೀಳಬೇಕು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗಬೇಕು. ಕಾಲಿಗೆ ಕಟ್ಟುವ ಕೆಂಪು ಪಟ್ಟಿಗಳನ್ನು ಹೊಲಿದವರು ಸೀಟಿ ಟೀಚರ್. ಸುಣ್ಣದ ಗೆರೆ ಎಳೆಯುವವರು ಅವರು, ಸೀಟಿ ಊದುವವರೂ ಅವರೇ. ಓಡುವುದು ಮಾತ್ರ ಒಂದು ವರ್ಷವೂ ಆಗಿರಲಿಲ್ಲ. ಪ್ರತಿ ವರ್ಷ ಸ್ಪೋರ್ಟ್ಸ್ ಡೇ ಬೆಳಿಗ್ಗೆ ತಂಪಣ್ಣನಿಗೆ ಜ್ವರ ಬರುತ್ತಿತ್ತು.

ಬರುತ್ತಿತ್ತು ಎನ್ನುವುದಕ್ಕಿಂತ ಬರಿಸಿಕೊಳ್ಳುತ್ತಿದ್ದ ಎನ್ನುವುದು ಸರಿ. ಹೆಂಡತಿ ಆಚೆ ತಿರುಗಿದ ಕೂಡಲೇ ಥರ್ಮಾಮೀಟರನ್ನು ಕಾಫಿ ಲೋಟದಲ್ಲಿ ಅದ್ದಿ, ಹೊದಿಕೆಯ ಅಂಚಿಗೆ ಒರೆಸಿ, ಬಾಯಲ್ಲಿಟ್ಟುಕೊಂಡು ನರಳುವುದು. ಕಾಫಿ ಎಷ್ಟು ಬಿಸಿಯೋ ಜ್ವರ ಅಷ್ಟು. ಮೋಸಗಾರನಲ್ಲ, ಪಾಪ. ಆದರೆ ಈತ ಓಡಲು ನಿಂತರೆ ಚಿಕ್ಕಂದಿನಿಂದಲೂ ಜನ ನಗುತ್ತಿದ್ದರು; ಮೊಣಕಾಲು ಒಂದು ದಿಕ್ಕಿಗೆ, ಪಾದ ಇನ್ನೊಂದು ದಿಕ್ಕಿಗೆ. ಊರಿಗೆಲ್ಲ ಓಡುವುದನ್ನು ಕಲಿಸಿದವಳು ಇಂಥ ಗಂಡನನ್ನು ಕಾಲಿಗೆ ಕಟ್ಟಿಕೊಂಡು ಬೀಳುವುದನ್ನು ಊರು ನೋಡಬೇಕೇ ಎಂಬುದು ಆತನ ಅಂಜಿಕೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಹೇಳದೆ ಇಪ್ಪತ್ತೇಳು ಜ್ವರ ಬರಿಸಿಕೊಂಡ.

ಇಪ್ಪತ್ತೆಂಟನೆಯದರ ಹೊತ್ತಿಗೆ ಸೀಟಿ ಟೀಚರ್ ನಿವೃತ್ತಿಯಾಗುವವರಿದ್ದರು. ಸ್ಪೋರ್ಟ್ಸ್ ಡೇಗೆ ಇನ್ನೂ ಮೂರು ವಾರ ಇತ್ತು. ಭಾನುವಾರ ಬೆಳಿಗ್ಗೆ ಅವರು ನಲ್ಲಿಯ ಕೆಳಗೆ ಸೀಟಿ ತೊಳೆಯುತ್ತ, ಬಾಗಿಲಲ್ಲಿ ಪೇಪರ್ ಓದುತ್ತಿದ್ದ ಗಂಡನಿಗೆ ಹೇಳಿದರು:

“ಇದೇ ಕೊನೇ ಸ್ಪೋರ್ಟ್ಸ್ ಡೇ ಕಣ್ರೀ.”

“ಹೌದಲ್ಲ,” ಅಂದ ತಂಪಣ್ಣ. ಪೇಪರು ತಲೆಕೆಳಗಾಗಿತ್ತು.

“ನೀವೇನೂ ಯೋಚನೆ ಮಾಡ್ಬೇಡಿ. ಜ್ವರದ ಮಾತ್ರೆ ಈಗ್ಲೇ ತಂದಿಟ್ಟಿದ್ದೀನಿ. ಅಲ್ಲಿ, ಗಡಿಯಾರದ ಪಕ್ಕ.”

ಅದರಲ್ಲಿ ಚುಚ್ಚುಮಾತು ಏನಾದರೂ ಇದೆಯೇ ಎಂದು ತಂಪಣ್ಣ ಹೆಂಡತಿಯ ಮುಖ ನೋಡಿದ. ಇರಲಿಲ್ಲ. ಸೀಟಿಯಿಂದ ನೀರು ಕೊಡವಿ ಅವರು ಒಳಗೆ ಹೋದರು. ಬೈದಿದ್ದರೆ ಆತ ಸುಮ್ಮನಿರುತ್ತಿದ್ದ. ಬೈಯದೆ ಮಾತ್ರೆ ತಂದಿಟ್ಟದ್ದು ಆತನ ಎದೆಗೆ ನೇರವಾಗಿ ನಾಟಿತು. ಆ ದಿನ ಗಡಿಯಾರ ನೋಡಿದಾಗಲೆಲ್ಲ ಮಾತ್ರೆ ಕಾಣಿಸಿ, ಸಂಜೆಯೊಳಗೆ ಆತ ತೀರ್ಮಾನ ಮಾಡಿಬಿಟ್ಟ. ಈ ಸಲ ಓಡುವುದೇ. ಆದರೆ ಈಗಲೇ ಬಾಯಿ ಬಿಡುವುದಿಲ್ಲ. ಗೆರೆಯ ಹತ್ತಿರ ಹೋಗಿ ನಿಂತು ಅವಳು ಬೆಪ್ಪಾಗುವುದನ್ನು ನೋಡಬೇಕು. ಹೆಂಡತಿಯ ಚೀಲದಿಂದ ಒಂದು ಕೆಂಪು ಪಟ್ಟಿ ಎಗರಿಸಿ ಊಟದ ಡಬ್ಬಿಯ ಕೆಳಗೆ ಬಚ್ಚಿಟ್ಟ.

ಅಭ್ಯಾಸ ಮಾಡುವುದೆಲ್ಲಿ? ಶಾಲೆಯ ಮೈದಾನ ಹೆಂಡತಿಯ ರಾಜ್ಯ. ರಸ್ತೆಯಲ್ಲಿ ನಾಲ್ಕು ಹೆಜ್ಜೆ ಓಡಿದರೆ ಹಳೆಯ ಶಿಷ್ಯರು ಐದನೆಯ ಹೆಜ್ಜೆಗೆ ಸುದ್ದಿ ಮುಟ್ಟಿಸುತ್ತಾರೆ. ತಂಪಣ್ಣನಿಗೆ ಈ ಭೂಮಿಯ ಮೇಲೆ ತನ್ನದು ಅಂತ ಇದ್ದದ್ದು ಒಂದೇ ಜಾಗ. ಮಧ್ಯಾಹ್ನ ಮೂರೂವರೆಗೆ ಲಾರಿಗೆ ಪೆಟ್ಟಿಗೆ ತುಂಬುವ ಕೆಲಸ ಮುಗಿದರೆ ನಾಲ್ಕೂಕಾಲಿನವರೆಗೆ ಬೆಣ್ಣೆ ಕೋಣೆಯ ಕಡೆಗೆ ಯಾರೂ ತಲೆ ಹಾಕುವುದಿಲ್ಲ. ಮೇಲಾಗಿ ಬಿಸಿಯಲ್ಲಿ ಯಾವ ಪದಾರ್ಥವಾದರೂ ಕೆಡುತ್ತದೆ, ತಂಪಿನಲ್ಲಿ ಬಾಳಿಕೆ ಬರುತ್ತದೆ. ಹಾಗಾದರೆ ವ್ಯಾಯಾಮ ಮಾಡಲು ನಾಲ್ಕು ಡಿಗ್ರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಇಂಥ ಯೋಚನೆ ಹೊಳೆಯಬೇಕಾದರೆ ಮನುಷ್ಯ ಇಪ್ಪತ್ತಾರು ವರ್ಷ ಬೆಣ್ಣೆ ಕಾಯ್ದಿರಬೇಕು.

ಸೋಮವಾರ ಮೂರೂವರೆಗೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಹೊಟ್ಟೆ ತುಂಬ ಉಂಡು ಓಡಬಾರದು ಎಂದು ಹೆಂಡತಿ ಶಾಲೆಯ ಮಕ್ಕಳಿಗೆ ಹೇಳುವುದನ್ನು ಕೇಳಿದ್ದ, ಹಾಗಾಗಿ ಉಣ್ಣುವುದನ್ನೇ ಬಿಟ್ಟಿದ್ದ. ಡಬ್ಬಿ ಮೆಕ್ಯಾನಿಕ್‌ನ ಪಾಲಾಗಿತ್ತು. ಹೊಟ್ಟೆಯಲ್ಲಿ ಕುಲುಕಬಾರದೆಂದು ನೀರೂ ಕುಡಿದಿರಲಿಲ್ಲ. ಕೋಣೆಗೆ ಹೋಗುವವರಿಗೆಂದು ಡೈರಿ ಕೊಟ್ಟ ಹತ್ತಿ ತುಂಬಿದ ದಪ್ಪ ಕೋಟು ಮೈಮೇಲಿತ್ತು. ಎಡಗಾಲಿಗೆ ಜೋಡಿ ಬೇಕಲ್ಲ, ಉದ್ದ ಹಿಡಿಯ ಪೊರಕೆಯೊಂದನ್ನು ಕೆಂಪು ಪಟ್ಟಿಯಿಂದ ಕಾಲಿಗೆ ಬಿಗಿದುಕೊಂಡ. ಪೊರಕೆಯ ತುದಿಯನ್ನು ಹೆಂಡತಿಯ ಹೆಗಲಿನಂತೆ ಹಿಡಿದು, “ಒಂದು, ಎರಡು, ಒಂದು, ಎರಡು,” ಎನ್ನುತ್ತ ಕಪಾಟುಗಳ ನಡುವೆ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ಕುಪ್ಪಳಿಸತೊಡಗಿದ. ಎರಡು ಸಲ ಬೆಣ್ಣೆ ಪೆಟ್ಟಿಗೆಗೆ ಹಣೆ ಚಚ್ಚಿಕೊಂಡ. ಒಂದು ಸಲ ಪೊರಕೆಯ ಕ್ಷಮೆ ಕೇಳಿದ.

ಇಪ್ಪತ್ತು ನಿಮಿಷದಲ್ಲಿ ಕೋಟಿನೊಳಗೆ ಮೈ ಒಲೆಯ ಮೇಲಿನ ಹಂಡೆಯಾಯಿತು. ಈಗ ಏನು ಮಾಡಬೇಕು? ಡೈರಿಗೆ ಸೇರಿದ ಮೊದಲ ದಿನ ಹೇಳಿಕೊಡುವ ಪಾಠ ಅದು: ಕಾಯಿಸಿದ ಹಾಲನ್ನು ಒಂದು ಕ್ಷಣವೂ ತಡಮಾಡದೆ ತಂಪು ಮಾಡು, ಇಲ್ಲದಿದ್ದರೆ ಕೆಡುತ್ತದೆ. ಹಾಲಿಗೆ ಒಂದು ನ್ಯಾಯ, ತನಗೊಂದು ನ್ಯಾಯವೇ? ತಂಪಣ್ಣ ಕೋಟು ಬಿಚ್ಚಿ, ಹಿಂದಿನ ಗೋಡೆಯಲ್ಲಿ ಕೈಗೆ ಸಿಕ್ಕ ಕೊಂಡಿಗೆ ನೇತುಹಾಕಿ, ಬೆವರಿನಲ್ಲಿ ತೊಯ್ದ ಬನಿಯನ್ನಿನಲ್ಲಿ ಫ್ಯಾನಿಗೆ ಎದೆಯೊಡ್ಡಿ ನಿಂತ. ಮೊದಲೆರಡು ನಿಮಿಷ ಸ್ವರ್ಗಕ್ಕೆ ಮೂರೇ ಗೇಣು. ಹತ್ತು ನಿಮಿಷವಾಗುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು.

ಮನೆ ಮುಟ್ಟಿದಾಗ ಮೈ ಗಡಗಡ, ತಲೆ ಧಿಂ ಎನ್ನುತ್ತಿದೆ. ಜಗಲಿಯಲ್ಲಿ ಕೂತಿದ್ದ ಅತ್ತೆ, ಅಂದರೆ ಸೀಟಿ ಟೀಚರ ತಾಯಿ, ಅಳಿಯನ ಅವತಾರ ನೋಡಿ ಒಳಗೆ ಕೂಗಿದರು: “ಲೇ, ಅಳಿಯಂದ್ರು ನಡುಗ್ತಾ ಇದ್ದಾರೆ ಕಣೇ!”

“ಈಗ್ಲೇನಾ? ಇನ್ನೂ ಮೂರು ವಾರ ಇದೆಯಲ್ಲಮ್ಮ,” ಅನ್ನುತ್ತ ಟೀಚರ್ ಹೊರಗೆ ಬಂದು, ತಾವೇ ನಿಂತು ಥರ್ಮಾಮೀಟರ್ ಇಟ್ಟರು. ಹತ್ತಿರದಲ್ಲೆಲ್ಲೂ ಕಾಫಿ ಇರಲಿಲ್ಲ. ತೆಗೆದು ನೋಡಿದರೆ ತೊಂಬತ್ತಾರು.

“ಪ್ರತಿ ವರ್ಷ ನೂರಾ ಒಂದು, ನೂರಾ ಎರಡು ತರ್ತಿದ್ರಿ. ಈ ಸಲ ತೊಂಬತ್ತಾರು. ಕಡಿಮೆ ಆಯ್ತಲ್ರೀ,” ಅಂದರು, ಪರೀಕ್ಷೆಯಲ್ಲಿ ಅಂಕ ಕಡಿಮೆ ತೆಗೆದ ಹುಡುಗನಿಗೆ ಹೇಳುವ ಹಾಗೆ.

“ನಿಜವಾಗ್ಲೂ ಹುಷಾರಿಲ್ಲ ಕಣೇ.”

“ಗೊತ್ತು. ಮಲಗಿ.”

ಅತ್ತೆ ಸುಮ್ಮನಿರುವವರಲ್ಲ. ಮನೆಯಲ್ಲಿದ್ದ ನಾಲ್ಕು ಕಂಬಳಿಯನ್ನೂ ಅಳಿಯನ ಮೇಲೆ ಹೇರಿ, ಕಾಲಬುಡಕ್ಕೆ ಬಿಸಿನೀರಿನ ಬಾಟಲಿ ಇಟ್ಟು, ಕಿಟಕಿ ಮುಚ್ಚಿದರು. ಮುಕ್ಕಾಲು ಗಂಟೆಯ ನಂತರ ಮತ್ತೆ ನೋಡಿದರೆ ನೂರು. ಟೀಚರ್ ಒಂದು ಹಳೆಯ ಹಾಜರಿ ಪುಸ್ತಕ ತಂದು ಎರಡನ್ನೂ ಗಂಟೆ ನಿಮಿಷದ ಸಮೇತ ಬರೆದಿಟ್ಟರು. ಏನನ್ನಾದರೂ ಅಳೆದರೆ ಬರೆದಿಡದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಬುದ್ಧಿ ಇದ್ದವನಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದ. ತಂಪಣ್ಣ ಮಂಗಳವಾರವೂ ಓಡಿದ, ಬುಧವಾರವೂ ಓಡಿದ, ಶನಿವಾರದವರೆಗೆ ಬಿಡದೆ ಓಡಿದ. ದಿನಾ ಸಂಜೆ ನಡುಕ, ತಲೆನೋವು, ತೊಂಬತ್ತಾರು, ಕಂಬಳಿ, ನೂರು. ಹೊಸದರಲ್ಲಿ ಹೀಗೇ ಇರಬೇಕು, ಮೈ ಪಳಗಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪೊರಕೆಯ ಜೊತೆ ಹೆಜ್ಜೆ ಮಾತ್ರ ನಿಜವಾಗಿಯೂ ಕೂಡಿಬರುತ್ತಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಗಾಜಿನ ಪೆಟ್ಟಿಗೆ ತೆರೆದು ಹಳೆಯ ಕಾಗದ ತೆಗೆದವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಳೆಯಂತಿರಬೇಕಾದ ಗೆರೆಗೆ ಆರು ಕೊಂಬು ಮೂಡಿದ್ದವು. ನಾಲ್ಕರಿಂದ ಜಿಗಿದು ಹದಿನೆಂಟು, ಮತ್ತೆ ನಾಲ್ಕು. ದಿನಕ್ಕೊಂದು, ಭಾನುವಾರ ಬಿಟ್ಟು. ವಾರವಿಡೀ ಆ ಪೆಟ್ಟಿಗೆಯತ್ತ ಕಣ್ಣೆತ್ತಿಯೂ ನೋಡದೆ ಅಭ್ಯಾಸದ ಬಲದಿಂದ ‘ಇಲ್ಲ, ಇಲ್ಲ’ ಎಂದು ಬರೆದುಕೊಂಡು ಹೋಗಿದ್ದ ಬೆಪ್ಪು.

ಮ್ಯಾನೇಜರ್ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿ ಹಿಡಿದರು. “ಏನ್ ತಂಪಣ್ಣ ಇದು? ಬೆಣ್ಣೆ ಕೋಣೆಗೆ ಜ್ವರಾನಾ?”

“ಮಿಷನ್‌ದೇ ಏನೋ ಇರ್ಬೇಕು ಸಾರ್,” ಅಂದ ತಂಪಣ್ಣ. ಸುಳ್ಳಲ್ಲ, ದೇವರಾಣೆಗೂ ಆತನಿಗೆ ಗೊತ್ತಿರಲಿಲ್ಲ.

ಮೂರು ಪೆಟ್ಟಿಗೆ ಬಿಚ್ಚಿ ನೋಡಿದರು. ಬೆಣ್ಣೆ ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು. ಹದಿನೆಂಟು ಡಿಗ್ರಿಗೆ ಹೋಗಿಬಂದ ಬೆಣ್ಣೆಯ ಲಕ್ಷಣ ಅದಲ್ಲ. ಮೆಕ್ಯಾನಿಕ್ ಬಂದು ಕೋಣೆ ತಂಪು ಮಾಡುವ ಮಿಷನ್ ಬಿಚ್ಚಿ, ತೊಳೆದು, ಗ್ಯಾಸ್ ತುಂಬಿ, ಮತ್ತೆ ಜೋಡಿಸಿದ. ಅಂದು ಮೂರೂವರೆ ದಾಟಿದ ಮೇಲೆ ಏಳನೆಯ ಕೊಂಬು, ಮರುದಿನ ಎಂಟನೆಯದು. ಮೆಕ್ಯಾನಿಕ್ ಊಟ ಬಿಟ್ಟು ತಲೆ ಕೆರೆದುಕೊಂಡ; ಊಟ ಅಂದರೆ ತಂಪಣ್ಣನ ಊಟ. ಮ್ಯಾನೇಜರ್ ಮುಖ ಗಂಟಿಕ್ಕಿ, ಕಾರಣ ಸಿಗದಿದ್ದರೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕಾಗುತ್ತದೆ ಅಂದರು.

ತಂಪಣ್ಣನಿಗೆ ಎಲ್ಲ ಕಡೆಯಿಂದಲೂ ಏಟು. ಇಪ್ಪತ್ತಾರು ವರ್ಷದ ‘ಇಲ್ಲ’ ಕೈಬಿಟ್ಟು ಹೋಗುತ್ತಿದೆ. ಮೈ ದಿನದಿಂದ ದಿನಕ್ಕೆ ಸೋಲುತ್ತಿದೆ. ಹೆಂಡತಿ ನಂಬುತ್ತಿಲ್ಲ. ಗುರುವಾರ ಪೊರಕೆಯ ಜೊತೆ ಹತ್ತೊಂಬತ್ತನೇ ಸುತ್ತು ಮುಗಿಸಿ ಫ್ಯಾನಿನ ಎದುರು ನಿಂತವನಿಗೆ ಕಣ್ಣು ಕತ್ತಲೆ ಬಂತು. ಹೇಗೋ ಪೊರಕೆಯನ್ನು ಕಪಾಟಿನ ಹಿಂದೆ ತುರುಕಿ, ಕೋಟು ಸಿಕ್ಕಿಸಿಕೊಂಡು, ಬಾಗಿಲು ತಳ್ಳಿ ಹೊರಗೆ ಬಂದು, ಡ್ರೈನಿನ ಪಕ್ಕ ಕುಕ್ಕರಿಸಿ ಖಾಲಿ ಹೊಟ್ಟೆಯಲ್ಲೇ ವಾಂತಿ ಮಾಡಿಕೊಂಡ. ಮೆಕ್ಯಾನಿಕ್ ಓಡಿಬಂದು ಮನೆಗೆ ಕರೆದೊಯ್ದ. ನಾಲ್ಕು ದಿನ ರಜೆ.

ಮಲಗಿದಲ್ಲೇ ಆತ ಹೆಂಡತಿಯ ಕೈ ಹಿಡಿದುಕೊಂಡ. “ಈ ಸಲ ಸುಳ್ಳಲ್ಲ ಕಣೇ.”

“ಸುಳ್ಳು ಅಂತ ಯಾರಂದ್ರು? ಮಲಗಿ. ಸ್ಪೋರ್ಟ್ಸ್ ಡೇ ಹೆಂಗೋ ಆಗುತ್ತೆ, ಇಷ್ಟು ವರ್ಷ ಆಗಿಲ್ವಾ?”

ಎಷ್ಟು ಮೆತ್ತಗೆ ಹೇಳಿದರೆಂದರೆ ತಂಪಣ್ಣನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಿಜವಾದ ಜ್ವರ ಇಲ್ಲದಾಗ ಇಪ್ಪತ್ತೇಳು ವರ್ಷ ಮೆತ್ತಗೆ ಮಲಗಿಸಿದವಳದು, ನಿಜವಾಗಿ ಬಂದಾಗಲೂ ಅದೇ ಮುಖ, ಅದೇ ಮಾತು. ಇನ್ನು ಒಂಬತ್ತು ದಿನ ಇತ್ತು. ಓಡಲಾರೆ ಅನ್ನಿಸಿತು, ಅಳು ಬಂತು. ಕಂಬಳಿಯೊಳಗೆ ಮುಖ ಹಾಕಿ ಅತ್ತ.

ಸೋಮವಾರ ಸಂಜೆ ಐದಕ್ಕೆ ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರ್, ಅವರ ಕಂಕುಳಲ್ಲಿ ಎರಡು ದುಂಡು ಕಾಗದ ಮತ್ತು ರಿಜಿಸ್ಟರು. ಹಿಂದೆ ಮೆಕ್ಯಾನಿಕ್, ಬೆನ್ನ ಹಿಂದೆ ಏನೋ ಉದ್ದನೆಯ ವಸ್ತು. ಸೀಟಿ ಟೀಚರನ್ನು ನೋಡಿದ್ದೇ ತಡ ಅವನ ಕಾಲೆರಡೂ ತಾವಾಗಿಯೇ ಕೂಡಿಕೊಂಡವು.

ಮ್ಯಾನೇಜರ್ ಕುರ್ಚಿಯ ತುದಿಯಲ್ಲಿ ಕೂತು ಕಾಗದ ಹರಡಿದರು. “ತಪ್ಪು ತಿಳ್ಕೋಬೇಡಿ ತಂಪಣ್ಣ. ಹೋದ ವಾರದ್ದು ನೋಡಿ. ಸೋಮವಾರದಿಂದ ಗುರುವಾರದವರೆಗೆ ಮೂರೂವರೆ ದಾಟಿದ ಮೇಲೆ ದಿನಾ ಜ್ವರ. ನೀವು ರಜೆ ಹಾಕಿದ ದಿನದಿಂದ ಒಂದು ಚೂರೂ ಇಲ್ಲ. ನೀವಿದ್ರೆ ಕೋಣೆಗೆ ಹುಷಾರಿಲ್ಲ, ನೀವಿಲ್ದಿದ್ರೆ ಗುಂಡುಕಲ್ಲು. ಏನರ್ಥ?”

ಸೀಟಿ ಟೀಚರ್ ಕಾಗದಗಳನ್ನು ಬಗ್ಗಿ ನೋಡಿದರು. ಒಳಗೆ ಹೋಗಿ ಹಾಜರಿ ಪುಸ್ತಕ ತಂದು ಪಕ್ಕದಲ್ಲಿಟ್ಟರು. ಬೆರಳಿಟ್ಟುಕೊಂಡು ಒಂದೊಂದೇ ದಿನ ಸರಿಹೊಂದಿಸಿದರು. ಕೋಣೆಗೆ ಮಧ್ಯಾಹ್ನ ಹದಿನೆಂಟಾದ ದಿನವೆಲ್ಲ ಸಂಜೆ ಗಂಡನಿಗೆ ತೊಂಬತ್ತಾರು. ಒಂದೂ ತಪ್ಪಿಲ್ಲ. ಕೋಣೆಗೆ ಭಾನುವಾರ ರಜೆ, ಗಂಡನ ನಡುಕಕ್ಕೂ ರಜೆ.

“ಇಬ್ಬರಿಗೂ ಒಂದೇ ಕಾಯಿಲೆ,” ಅಂದರು ಅತ್ತೆ, ಬಾಗಿಲ ಸಂದಿಯಿಂದ.

“ಇನ್ನೊಂದಿದೆ ಟೀಚರ್,” ಮೆಕ್ಯಾನಿಕ್ ತಲೆ ತಗ್ಗಿಸಿ ಬೆನ್ನ ಹಿಂದಿನ ವಸ್ತು ಮುಂದಕ್ಕೆ ತಂದ. “ಇದು ಬೆಣ್ಣೆ ಕೋಣೆ ಕಪಾಟಿನ ಹಿಂದೆ ಸಿಕ್ತು.”

ಪೊರಕೆ. ಹಿಡಿಯ ನಡುಮಟ್ಟಕ್ಕೆ ಕೆಂಪು ಪಟ್ಟಿ ಸುತ್ತಿ ಗಂಟು ಹಾಕಿತ್ತು.

ಸೀಟಿ ಟೀಚರ್ ಪಟ್ಟಿಯನ್ನು ಮುಟ್ಟಿದರು. ಅದರ ಅಂಚಿನ ಹೊಲಿಗೆ ಅವರದೇ. ಹನ್ನೆರಡು ಪಟ್ಟಿಯಲ್ಲಿ ಒಂದು ಕಾಣೆಯಾಗಿ ಎರಡು ವಾರವಾಗಿತ್ತು, ಅದಕ್ಕಾಗಿ ಅವರು ಇಡೀ ಒಂಬತ್ತನೇ ಕ್ಲಾಸನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದರು. ಪಟ್ಟಿ ನೋಡಿದರು, ಪೊರಕೆ ನೋಡಿದರು, ಗಂಡನ ಹಣೆಯ ಮೇಲಿನ ಎರಡು ಬುಗುಟು ನೋಡಿದರು.

“ಎಷ್ಟು ದಿನದಿಂದ?” ಅಂದರು ಕೊನೆಗೆ.

ತಂಪಣ್ಣ ಎದ್ದು ನಿಂತ, ಕಂಬಳಿ ಹೊದ್ದುಕೊಂಡೇ. ಇನ್ನು ಮುಚ್ಚಿಟ್ಟರೆ ಮೆಕ್ಯಾನಿಕ್‌ನ ಮಿಷನ್ ಮೇಲೆ ತಪ್ಪು ಬೀಳುತ್ತದೆ. ಹೇಳಿದರೆ ಹೆಂಡತಿಯನ್ನು ಬೆಪ್ಪು ಮಾಡುವ ಆಸೆ ಮಣ್ಣುಪಾಲು. ಹೇಳಿದ. ಪೊರಕೆಯ ಕಥೆ, ಖಾಲಿ ಹೊಟ್ಟೆಯ ಕಥೆ, ಕಾದ ಹಾಲಿನ ಪಾಠ, ಫ್ಯಾನು, ಒಂದನ್ನೂ ಬಿಡಲಿಲ್ಲ.

“ಫ್ಯಾನಿನ ಮುಂದೆ ನಿಲ್ಲೋವಾಗ ಕೋಟೆಲ್ಲಿ?” ಟೀಚರ ಪಾಟೀಸವಾಲು.

“ಬಿಚ್ಚಿ ನೇತುಹಾಕ್ತಿದ್ದೆ.”

“ಎಲ್ಲಿಗೆ?”

“ಹಿಂದಿನ ಗೋಡೆ ಕೊಂಡಿಗೆ.”

ಮೆಕ್ಯಾನಿಕ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ಅಯ್ಯೋ ಅಣ್ಣಾ! ಆ ಕೊಂಡೀಲಿ ನೇತಾಡ್ತಿರೋದೇ ಕಾಗದದ ಪೆನ್ನಿಗೆ ಸುದ್ದಿ ಕೊಡೋ ಕಡ್ಡಿ! ಕೋಣೆ ಎಷ್ಟು ಬಿಸಿ ಅಂತ ಅದೇ ಹೇಳೋದು. ಅದರ ತಲೆ ಮೇಲೆ ಕುದಿಯೋ ಕೋಟು ಹೊದಿಸಿದ್ರೆ ಅದಕ್ಕೇನು ಗೊತ್ತಾಗ್ಬೇಕು? ನಾನು ಎರಡು ದಿನ ಮಿಷನ್ ಬಿಚ್ಚಿದ್ನಲ್ಲ!”

ಇಪ್ಪತ್ತಾರು ವರ್ಷ ಕೋಟನ್ನು ಒಳಗೆ ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲವಲ್ಲ. ಕೋಟಿಗೆ ಹೇಳಿಮಾಡಿಸಿದಂತಿದ್ದ ಆ ಕೊಂಡಿ ಕಡ್ಡಿಯದು ಎಂದು ತಂಪಣ್ಣನಿಗೆ ಈಗಷ್ಟೇ ಗೊತ್ತಾಗಿದ್ದು. ಮ್ಯಾನೇಜರ್ ನಗಬಾರದೆಂದು ಕೆಮ್ಮಿದರು. ಕೆಮ್ಮು ಸಾಲದೆ ಕಿಟಕಿಯ ಕಡೆ ತಿರುಗಿ ನಿಂತರು.

“ಮೈ ಬಿಸಿಯಾಗಿ ಬೆವರು ಸುರೀತಿರೋವಾಗ ಒದ್ದೆ ಬನಿಯನ್ನಲ್ಲಿ ಆ ಚಳಿ ಗಾಳಿಗೆ ನಿಂತ್ರೆ ಮೈಯೊಳಗಿನ ಬಿಸಿಯೆಲ್ಲ ಒಂದೇ ಸಲ ಕಿತ್ಕೊಂಡು ಹೋಗುತ್ತೆ ಕಣ್ರೀ,” ಸೀಟಿ ಟೀಚರ ಧ್ವನಿ ಏರುತ್ತ ಹೋಯಿತು. “ಮೇಲೆ ಊಟ ಇಲ್ಲ, ನೀರಿಲ್ಲ. ನಡುಗದೆ ಇನ್ನೇನ್ ಮಾಡ್ತೀರಿ? ಆಮೇಲೆ ಅಮ್ಮನ ನಾಲ್ಕು ಕಂಬಳಿ! ಓಡಿದ ಮೇಲೆ ಮೆಲ್ಲಗೆ ನಡೀಬೇಕು, ಒದ್ದೆ ಬಟ್ಟೆ ಬದಲಾಯಿಸ್ಬೇಕು, ಗುಟುಕು ಗುಟುಕಾಗಿ ನೀರು ಕುಡೀಬೇಕು. ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನೀವೇನು ಹಾಲಿನ ಕ್ಯಾನಾ?”

“ನಿನ್ನ ಜೊತೆ ಓಡ್ಬೇಕಿತ್ತು,” ಅಂದ ತಂಪಣ್ಣ. “ಇದು ಕೊನೇದಲ್ವಾ. ಇಷ್ಟು ವರ್ಷದ್ದೂ ಸುಳ್ಳು ಜ್ವರ ಕಣೇ. ಕಾಫೀಲಿ ಅದ್ದುತ್ತಿದ್ದೆ.”

“ಗೊತ್ತು.”

“ಏನು ಗೊತ್ತು?”

“ಎಲ್ಲಾ. ಒಂದು ವರ್ಷ ನೂರಾ ಏಳು ತೋರಿಸ್ತು ನಿಮ್ಮ ಜ್ವರ. ನೂರಾ ಏಳಿದ್ದವರು ಎರಡನೇ ಸಲ ಊಟಕ್ಕೆ ಹಾಕಿಸ್ಕೊಂಡ್ರಿ. ಥರ್ಮಾಮೀಟರಿಗೆ ಯಾವಾಗ್ಲೂ ಕಾಫಿ ವಾಸನೆ. ಮಾತ್ರೆ ಒಂದೂ ನುಂಗ್ತಿರಲಿಲ್ಲ, ಗಡಿಯಾರದ ಹಿಂದೆ ಹಾಕ್ತಿದ್ರಿ. ಗಡಿಯಾರ ಒರೆಸೋಳು ನಾನಲ್ವಾ?”

“ಮತ್ತೆ ಯಾಕೆ ಒಂದ್ಸಲಾನೂ ಕೇಳಲಿಲ್ಲ?”

“ಓಡೋಕೆ ಮನಸಿಲ್ಲದವರನ್ನ ಸೀಟಿ ಊದಿ ಓಡಿಸೋದು ಶಾಲೇಲಿ ಸಾಕು. ಮನೇಲೂ ಯಾಕೆ ಅಂತ ಸುಮ್ಮನಿದ್ದೆ.” ಪಟ್ಟಿಯ ಗಂಟು ಬಿಚ್ಚತೊಡಗಿದರು. “ಗೆಲ್ಲಬೇಕು ಅಂತ ಯಾವತ್ತೂ ಇರಲಿಲ್ಲ ರೀ. ಎಲ್ಲರೂ ಜೋಡಿ ಜೋಡಿ ಬೀಳೋವಾಗ ಒಬ್ಬಳೇ ಸೀಟಿ ಹಿಡ್ಕೊಂಡು ನಿಂತಿರ್ತಿದ್ದೆ. ಅಷ್ಟೆ.”

ಮ್ಯಾನೇಜರ್ ಕೆಮ್ಮುವುದನ್ನು ನಿಲ್ಲಿಸಿ ರಿಜಿಸ್ಟರು ತೆರೆದು, ಪೆನ್ನಿನ ಜೊತೆ ಮುಂದೆ ಚಾಚಿದರು. ಕಾರಣದ ಅಂಕಣ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತಂಪಣ್ಣ ಅದರಲ್ಲಿ ಬೇರೆ ಪದ ಬರೆದ, ದುಂಡು ಅಕ್ಷರದಲ್ಲಿ: ‘ಸ್ಪೋರ್ಟ್ಸ್ ಡೇಯಲ್ಲಿ ಹೆಂಡತಿಯ ಜೊತೆ ಓಡಲು ಅಭ್ಯಾಸ. ಕೋಟು ಕಡ್ಡಿಯ ಮೇಲೆ. ಮಿಷನ್ ಚೆನ್ನಾಗಿದೆ. ತಪ್ಪು ನನ್ನದು.’ ಮ್ಯಾನೇಜರ್ ಎರಡು ಸಲ ಓದಿ, ಕೆಂಪು ಪೆನ್ನನ್ನು ಜೇಬಿಗೆ ಸೇರಿಸಿ, ನೀಲಿಯಲ್ಲಿ ಸಹಿ ಹಾಕಿದರು.

ಮಂಗಳವಾರ ಒಂದು ದಿನ ಉಣ್ಣಿಸಿ, ನೀರು ಕುಡಿಸಿ, ಬುಧವಾರದಿಂದ ಮೂರು ದಿನ ಸಂಜೆ ಸೀಟಿ ಟೀಚರ್ ಗಂಡನನ್ನು ಮೈದಾನದಲ್ಲಿ ಪಳಗಿಸಿದರು. ಮೊದಲು ನಡಿಗೆ, ಆಮೇಲೆ ಓಟ, ಕೊನೆಗೆ ಮತ್ತೆ ನಡಿಗೆ, ಒಣ ಅಂಗಿ. ಆತನಿಗೆ ನಡುಕ ಬರಲಿಲ್ಲ. ಪೊರಕೆಗೆ ಹೋಲಿಸಿದರೆ ಹೆಂಡತಿಯ ಹೆಜ್ಜೆ ಜಾಸ್ತಿ ಉದ್ದ ಎಂದು ದೂರು ಹೇಳಿ ಬೈಸಿಕೊಂಡ.

ಶನಿವಾರ ಸೀಟಿಯನ್ನು ಹೆಡ್ಮಾಸ್ಟರರ ಕೈಗೆ ಕೊಟ್ಟು ಟೀಚರ್ ಗೆರೆಯ ಮೇಲೆ ಬಂದು ನಿಂತಾಗ ಹಿಂದಿನ ಸಾಲಿನ ಮಕ್ಕಳು ಬೆಂಚು ಹತ್ತಿದರು. ಸೀಟಿ ಮೊಳಗಿತು. ತಂಪಣ್ಣನ ಮೊಣಕಾಲು ಒಂದು ದಿಕ್ಕಿಗೆ, ಪಾದ ಇನ್ನೊಂದು ದಿಕ್ಕಿಗೆ ಹೋದವು. ಹತ್ತು ಹೆಜ್ಜೆಯವರೆಗೆ ಎಲ್ಲರಿಗಿಂತ ಮುಂದೆ! ಬೆಣ್ಣೆ ಕೋಣೆಯ ಉದ್ದ ಅಷ್ಟೇ ಅಲ್ಲವೇ. ಹತ್ತಾದ ಕೂಡಲೇ ಎರಡು ವಾರದ ಅಭ್ಯಾಸ ತಡೆಯಲಾರದೆ ಗಿರ್ರನೆ ಹಿಂದಕ್ಕೆ ತಿರುಗಿಬಿಟ್ಟ. ಇಬ್ಬರೂ ದಬಕ್ಕನೆ ಬಿದ್ದರು. ಮಕ್ಕಳು ಕೂಗಿದ ಕೂಗಿಗೆ ಮರದ ಕಾಗೆಗಳು ಹಾರಿದವು. ಸೀಟಿ ಟೀಚರ್ ಹುಲ್ಲಿನ ಮೇಲೆ ಬಿದ್ದುಕೊಂಡೇ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಆ ಮೈದಾನ ಇಪ್ಪತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಎದ್ದು, ಬಿದ್ದು, ಮತ್ತೆ ಎದ್ದು, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದರು.

“ಕೂತ್ಕೋತೀನಿ ಕಣೇ,” ಅಂದ ತಂಪಣ್ಣ, ಏದುಸಿರು ಬಿಡುತ್ತ.

“ಕೂತ್ರೆ ನೋಡಿ! ಮೆಲ್ಲಗೆ ನಡೀರಿ.”

ನೀರು ಕುಡಿಸಿ, ಒಣ ಅಂಗಿ ಹಾಕಿಸಿದರು. ಆದರೆ ಬಿದ್ದ ರಭಸಕ್ಕೆ ಪಟ್ಟಿಯ ಗಂಟು ಎಷ್ಟು ಬಿಗಿದಿತ್ತೆಂದರೆ ಹಲ್ಲು ಹಾಕಿದರೂ ಬಿಚ್ಚಲಿಲ್ಲ. ಕತ್ತರಿ ತರುತ್ತೇನೆಂದು ಮೆಕ್ಯಾನಿಕ್ ಓಡಿದ. ಟೀಚರ್ ಬೇಡವೆಂದರು, ಕೈಯಾರೆ ಹೊಲಿದದ್ದು, ಕತ್ತರಿಸಬಾರದು. ಹಾಗೇ ಕಾಲು ಕಟ್ಟಿಕೊಂಡೇ ಇಬ್ಬರೂ ಮೈದಾನ ಒಂದು ಸುತ್ತು ಬಂದು, ಗೇಟು ದಾಟಿ, ಮನೆಯ ದಾರಿ ಹಿಡಿದರು. ಒಂದು, ಎರಡು, ಒಂದು, ಎರಡು. ರಸ್ತೆಯ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು.

ಮೆಡಿಕಲ್ ಶಾಪಿನ ಮುಂದೆ ಟೀಚರ್ ನಿಂತರು, ಹಾಗಾಗಿ ತಂಪಣ್ಣನೂ ನಿಂತ. ಬೆಳಿಗ್ಗೆಯೇ ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದ ಜ್ವರದ ಮಾತ್ರೆಗಳನ್ನು ತೆಗೆದು ಗಾಜಿನ ಮೇಲಿಟ್ಟರು.

“ವಾಪಸ್ ತಗೋ.”

ಅಂಗಡಿಯವನು ಎದೆ ಸೆಟೆಸಿ ನಿಂತ. ಎಷ್ಟೋ ವರ್ಷದಿಂದ ಇದೇ ದಿನಕ್ಕೆ ಇದೇ ಮಾತ್ರೆ ಕೊಟ್ಟವನು ಅವನು. “ಯಾಕೆ ಟೀಚರ್? ಈ ಸಲ ಸಾರ್‌ಗೆ ಜ್ವರ ಬರಲಿಲ್ವಾ?”

“ಜ್ವರ ಬರಲಿಲ್ಲ ಕಣಪ್ಪ,” ಅಂದರು ಸೀಟಿ ಟೀಚರ್. “ಅವರೇ ಬಂದ್ರು.”